ಇವಿಎ ಫೋಮ್ ಕವಚ: ಜಾಯಿಂಟ್ ಬಾಯಿ ಬಿಡ್ತಿದೆ, ಬೆಳ್ಳಿ ಬಣ್ಣ ಬಿರುಕು ಬಿಡ್ತಿದೆ, ಭುಜ ನಿಲ್ತಿಲ್ಲ

ಫೋಮ್‌ಪುರಾಣ

ಬೆಂಗಳೂರು ಕಾಮಿಕ್ ಕಾನ್‌ಗೆ (ಕಾಮಿಕ್ಸ್ ಪಾತ್ರಗಳ ವೇಷ ಹಾಕ್ಕೊಂಡು ಹೋಗೋ ಮೇಳ) ಒಂದು ನೈಟ್ ಪಾತ್ರದ, ಅಂದ್ರೆ ಯುರೋಪಿನ ಹಳೇ ಕಾಲದ ಕವಚಧಾರಿ ಯೋಧನ, ಪೂರ್ತಿ ಸೆಟ್ ಮಾಡ್ತಿದ್ದೀನಿ. ಎದೆ-ಬೆನ್ನು, ಭುಜ, ಮುಂಗೈ, ತೊಡೆ, ಕಾಲ್ಕವಚ, ಮುಖ ಮುಚ್ಚುವ ಹೆಲ್ಮೆಟ್, ಜೊತೆಗೆ 150 ಸೆಂ.ಮೀ. ಉದ್ದದ ಅಗಲ ಕತ್ತಿ. ಇರೋ ಸಾಮಾನು: 10, 5 ಮತ್ತು 2 ಮಿ.ಮೀ. ಇವಿಎ ಶೀಟು (ಚಪ್ಪಲಿ ಅಟ್ಟೆಗೆ ಹಾಕೋ ಥರದ ಫೋಮ್), 2000 ವಾಟ್ ಹೀಟ್ ಗನ್, ರಬ್ಬರ್ ಗಮ್, ಪೇಪರ್ ಕಟರ್, ಸಣ್ಣ ರೋಟರಿ ಟೂಲು.

ಹಾಕಿಕೊಳ್ಳುವವರ ಅಳತೆ: ಎತ್ತರ 168 ಸೆಂ.ಮೀ., ಎದೆ 92, ತೋಳು 30, ಮೀನಖಂಡ 36, ತಲೆಯ ಸುತ್ತಳತೆ 57. ನೆಟ್‌ನಲ್ಲಿ ಸಿಕ್ಕ ಪ್ಯಾಟರ್ನು 183 ಸೆಂ.ಮೀ. ಎತ್ತರದವರಿಗೆ ಮಾಡಿದ್ದು. 168ನ್ನು 183ರಿಂದ ಭಾಗಿಸಿದ್ರೆ 0.918 ಬರುತ್ತೆ. ಎಲ್ಲ ಹಾಳೆನೂ 92%ಗೆ ಪ್ರಿಂಟ್ ತೆಗೆದ್ರೆ ಸಾಕಾ?

ಎರಡನೇದು, ಭುಜದ ಸ್ಯಾಂಪಲ್ ಪೀಸಲ್ಲಿ ಚಪ್ಪಟೆ ತುಂಡುಗಳನ್ನ ಅಂಟಿಸಿ, ಆಮೇಲೆ ಹೀಟ್ ಗನ್ ಹಿಡಿದು ಗುಮ್ಮಟದ ಆಕಾರ ಕೊಟ್ರೆ ಜಾಯಿಂಟುಗಳು ಬಾಯಿ ಬಿಡ್ತಿವೆ. ಮೂರನೇದು, ನೀರು ಬೆರೆಸಿದ ಬಿಳಿ ಮರದಂಟು ನಾಲ್ಕು ಕೋಟು, ಮೇಲೆ ಸಿಲ್ವರ್ ಸ್ಪ್ರೇ. ನೋಡೋಕೆ ಚೆನ್ನಾಗಿದೆ, ಬಗ್ಗಿಸಿದ್ರೆ ಹಾವಿನ ಪೊರೆ ಥರ ಬಿರುಕು. ನಾಲ್ಕನೇದು, ಭುಜಕವಚ ಅಂಟು-ವೆಲ್ಕ್ರೋದಲ್ಲಿ ನಿಲ್ತಿಲ್ಲ, ಜಾರಿ ಮೊಣಕೈಗೆ ಬರುತ್ತೆ. ಕತ್ತಿಗೆ ಒಳಗೆ ಏನು ಹಾಕೋದು? ಕಬ್ಬಿಣ ಬೇಡ, ಗೇಟಲ್ಲಿ ಬಿಡಲ್ಲ.

ದುಡ್ಡು ಜಾಸ್ತಿ ಇಲ್ಲ, ಥ್ರೀಡಿ ಪ್ರಿಂಟ್ ಮಾಡಿ ಅನ್ನಬೇಡಿ ದಯವಿಟ್ಟು.

ಓರೆಗತ್ತಿ

92% ಲೆಕ್ಕ ಬಿಡಿ. ಎತ್ತರಕ್ಕೂ ತೋಳಿನ ದಪ್ಪಕ್ಕೂ ಸಂಬಂಧ ಇಲ್ಲ. ಭಾಗ ಭಾಗಕ್ಕೂ ಬೇರೆ ಲೆಕ್ಕ ಹಾಕಬೇಕು, ಅದರಲ್ಲೂ ಫೋಮಿನ ದಪ್ಪ ಸೇರಿಸಿ.

ಫೋಮನ್ನು ಕೊಳವೆಯಾಗಿ ಸುತ್ತಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುವಿನ ಪದರ ಮಾತ್ರ ಹೆಚ್ಚುಕಡಿಮೆ ಕತ್ತರಿಸಿದ ಉದ್ದದಲ್ಲೇ ಉಳಿಯುತ್ತದೆ. ಹಾಗಾಗಿ ಮೈಯ ಸುತ್ತಳತೆಗೆ ದಪ್ಪದ 3.14 ಪಟ್ಟು ಸೇರಿಸಬೇಕು. 10 ಮಿ.ಮೀ. ಶೀಟಿಗೆ ಇದು 3.1 ಸೆಂ.ಮೀ., 5 ಮಿ.ಮೀ.ಗೆ 1.6. ನಿಮ್ಮ ತೋಳು 30, ಒಳಗಿನ ಬಟ್ಟೆಗೂ ಕೈ ಮಡಿಸಿದಾಗ ಉಬ್ಬುವ ಸ್ನಾಯುವಿಗೂ 2, ಅದರ ಮೇಲೆ 3.1. ಒಟ್ಟು 35. ಪ್ಯಾಟರ್ನಿನಲ್ಲಿ ಅದೇ ಪಟ್ಟಿ 40 ಇದ್ದರೆ ಆ ಹಾಳೆಯ ಪ್ರಿಂಟ್ 88%. ಮೀನಖಂಡಕ್ಕೆ ಇದೇ ರೀತಿ 41 ಬರುತ್ತದೆ. ತೋಳು, ಕಾಲಿನಂಥ ಕೊಳವೆ ಭಾಗಗಳಲ್ಲಿ ಅಗಲವನ್ನೂ ಉದ್ದವನ್ನೂ ಬೇರೆ ಬೇರೆ ಶೇಕಡಾಕ್ಕೆ ಇಳಿಸಬಹುದು. ಹೆಲ್ಮೆಟ್ಟಿಗೆ ಹಾಗೆ ಮಾಡಬೇಡಿ, ಮುಖದ ಆಕಾರವೇ ಕೆಡುತ್ತದೆ.

ಕಾಲ್ಕವಚವನ್ನು ಪೂರ್ತಿ ಮುಚ್ಚಿದ ಕೊಳವೆ ಮಾಡಿದರೆ ಪಾದವೇ ಒಳಗೆ ಹೋಗುವುದಿಲ್ಲ. ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಸುತ್ತಿದ ಅಳತೆ ಹರಡಿನ ಅಳತೆಗಿಂತ ಎಷ್ಟೋ ಹೆಚ್ಚು. ಹಿಂಭಾಗ ಸೀಳಿ ಬಿಟ್ಟು ಎಲಾಸ್ಟಿಕ್ ಹಾಕಿ.

ಎದೆ-ಬೆನ್ನು ಸೇರಿ 98 ಬರಬೇಕು. ಆದರೆ ಅಷ್ಟನ್ನೂ ಫೋಮಿನಲ್ಲಿ ತುಂಬಬೇಡಿ. ಎರಡೂ ಪಕ್ಕೆಯಲ್ಲಿ 4–5 ಸೆಂ.ಮೀ. ಖಾಲಿ ಬಿಟ್ಟು ಪಟ್ಟಿಯಿಂದ ಎಳೆದು ಕಟ್ಟಿದರೆ ಉಸಿರಾಟಕ್ಕೂ ಊಟಕ್ಕೂ ಜಾಗ ಸಿಗುತ್ತದೆ. ಎದೆಕವಚದ ಕೆಳ ಅಂಚು ಹೊಕ್ಕುಳಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಕೂತ ತಕ್ಷಣ ತೊಡೆ ಅದನ್ನು ಮೇಲಕ್ಕೆ ತಳ್ಳಿ ಕುತ್ತಿಗೆಯ ಅಂಚು ಗಲ್ಲಕ್ಕೆ ಒತ್ತುತ್ತದೆ. ಫೋಮ್ ಮುಟ್ಟುವ ಮೊದಲು ದಪ್ಪ ಡ್ರಾಯಿಂಗ್ ಶೀಟಿನಲ್ಲಿ ಒಂದು ಸೆಟ್ ಕತ್ತರಿಸಿ, ಟೇಪ್ ಹಚ್ಚಿ, ತೊಡಿಸಿ, ಕೂರಿಸಿ, ಕೈ ಎತ್ತಿಸಿ ನೋಡಿ. ಕಂಕುಳಲ್ಲಿ ಎಲ್ಲಿ ಒತ್ತುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕತ್ತರಿಸಿ.

ಇನ್ನು ಜಾಯಿಂಟಿನ ವಿಷಯ. ನೀವು ಕೆಲಸದ ಕ್ರಮ ತಿರುಗಿಸಿದ್ದೀರಿ. ನಿಮ್ಮ ರಬ್ಬರ್ ಗಮ್, ಅಂದರೆ ಎರಡೂ ಕಡೆ ಹಚ್ಚಿ ಒಣಗಿಸಿ ಒತ್ತುವ ಕಾಂಟ್ಯಾಕ್ಟ್ ಅಂಟು, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಅದರ ಜೊತೆಗೆ ಚಪ್ಪಟೆ ತುಂಡನ್ನು ಬಲವಂತವಾಗಿ ಬಗ್ಗಿಸಿ ಅಂಟಿಸಿದರೆ ಅದು ಮತ್ತೆ ನೆಟ್ಟಗಾಗಲು ಸದಾ ಎಳೆಯುತ್ತಿರುತ್ತದೆ, ಆ ಎಳೆತವೆಲ್ಲ ಅಂಟಿನ ಮೇಲೆ. ಮೊದಲು ಬಿಸಿ, ಆಮೇಲೆ ಅಂಟು. ಕತ್ತರಿಸಿದ ಪ್ರತಿ ತುಂಡನ್ನೂ ಹೀಟ್ ಗನ್ನಿನಲ್ಲಿ ಅದರ ಬಾಗಿಗೆ ತಂದು, ತಣ್ಣಗಾಗುವವರೆಗೆ ಮೊಣಕಾಲಿನ ಮೇಲೋ ಪಾತ್ರೆಯ ಬೆನ್ನಿನ ಮೇಲೋ ಒತ್ತಿ ಹಿಡಿಯಿರಿ. ಕೈ ಬಿಟ್ಟರೂ ಆಕಾರ ನಿಲ್ಲಬೇಕು. ಆಗ ಜಾಯಿಂಟಿನ ಮೇಲೆ ಭಾರವೇ ಬೀಳುವುದಿಲ್ಲ.

ಅಂಟು ಯಾವ ಕಂಪನಿಯದಾದರೂ ಸರಿ, ಫೆವಿಕಾಲ್ ಎಸ್‌ಆರ್ 998 ತರಹದ ಸಿಂಥೆಟಿಕ್ ರಬ್ಬರ್ ಅಂಟು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಬೇಕು. ಕತ್ತರಿಸಿದ ಅಂಚಿನಲ್ಲಿ ಗುಳ್ಳೆಗಳು ತೆರೆದಿರುತ್ತವೆ, ಮೊದಲ ಕೋಟನ್ನು ಅವೇ ಕುಡಿದುಬಿಡುತ್ತವೆ. ಅದು ಒಣಗಿದ ಮೇಲೆ ಎರಡನೇ ಕೋಟು. 5ರಿಂದ 10 ನಿಮಿಷ ಬಿಟ್ಟು ಬೆರಳ ಬೆನ್ನಿನಿಂದ ಮುಟ್ಟಿ ನೋಡಿ: ಎಳೆ ಬರಬಾರದು, ಮಿಂಚೂ ಇರಬಾರದು. ಆಗ ಒಂದು ತುದಿಯಿಂದ ಒತ್ತುತ್ತಾ ಬನ್ನಿ. ಒದ್ದೆ ಇರುವಾಗಲೇ ಸೇರಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಜಾಯಿಂಟು ದಿನಗಟ್ಟಲೆ ಮೆತ್ತಗೇ ಇರುತ್ತದೆ. ಪೂರ್ತಿ ಬಲ ಬರಲು 24 ಗಂಟೆ ಬೇಕು. ಉದ್ದದ ಜಾಯಿಂಟಿಗೆ 5 ಸೆಂ.ಮೀ.ಗೊಂದು ಅಡ್ಡಗೆರೆ ಎರಡೂ ತುಂಡಿಗೆ ಎಳೆದಿಡಿ, ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ.

ಓರೆ ಕತ್ತರಿಸುವ ಕೋನ: 180ರಿಂದ ಒಳಕೋನ ಕಳೆದು ಅರ್ಧ ಮಾಡಿ. ಎರಡು ತುಂಡು ಸೇರುವ ಮೂಲೆ 120 ಡಿಗ್ರಿ ಇದ್ದರೆ ಬ್ಲೇಡನ್ನು ನೆಟ್ಟಗಿನಿಂದ 30 ಡಿಗ್ರಿ ವಾಲಿಸಬೇಕು, 90 ಇದ್ದರೆ 45. ಬ್ಲೇಡು ಮೊಂಡಾದರೆ ಫೋಮನ್ನು ಕತ್ತರಿಸದೆ ಎಳೆಯುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ. ಆ ಹಲ್ಲಿನ ನಡುವಿನ ಸಂದೇ ಆಮೇಲೆ ಬಾಯಿ ಬಿಡುವುದು. ಬ್ಲೇಡಿನ ತುದಿ ಮುರಿದು ಹಾಕಲು ಜಿಪುಣತನ ಬೇಡ. 10 ಮಿ.ಮೀ. ಶೀಟನ್ನು ಒಂದೇ ಏಟಿಗೆ ಸೀಳಲು ಹೋಗದೆ, ಅದೇ ಗೆರೆಯಲ್ಲಿ ಎರಡು-ಮೂರು ಸಲ ಉದ್ದಕ್ಕೆ ಎಳೆಯಿರಿ.

ಮಾಸ್ಕಿನ ಬಗ್ಗೆ ಒಂದು ಮಾತು. ರೋಟರಿ ಟೂಲಿನ ಧೂಳಿಗೆ ಎನ್95 ಸಾಕು. ಗಮ್ಮಿನ ಆವಿಗೆ ಅದು ಏನೂ ಮಾಡುವುದಿಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಿಟಕಿ ತೆಗೆದಿಡಿ, ಪಕ್ಕದಲ್ಲಿ ದೇವರ ದೀಪ, ಗ್ಯಾಸ್ ಒಲೆ ಉರಿಯುತ್ತಿರಬಾರದು.

ಬೆಳ್ಳಿಮುಲಾಮು

ಬಣ್ಣದ್ದು ನಾನು ಹೇಳ್ತೀನಿ. ತಪ್ಪು ಸಿಲ್ವರಿಂದು ಮಾತ್ರ ಅಲ್ಲ, ಕೆಳಗಿನ ಪದರದ್ದೂ ಇದೆ. ಮೆತ್ತಗಿರೋ ಫೋಮ್ ಮೇಲೆ ದಪ್ಪ ಅಂಟಿನ ಚಿಪ್ಪು, ಅದರ ಮೇಲೆ ಇನ್ನೂ ಗಡುಸಾದ ಲ್ಯಾಕರ್. ಬಗ್ಗಿದಾಗ ಫೋಮ್ ಹಿಗ್ಗುತ್ತೆ, ಚಿಪ್ಪು ಹಿಗ್ಗಲ್ಲ. ಮರದಂಟಿಗೆ ಇನ್ನೊಂದು ಕಾಯಿಲೆ: ಬೆವರು ತಾಗಿದ್ರೆ ಮತ್ತೆ ಮೆತ್ತಗಾಗಿ ಅಂಟಂಟಾಗುತ್ತೆ. ಕುತ್ತಿಗೆ ಅಂಚಲ್ಲಿ ಮೊದಲು ಗೊತ್ತಾಗೋದು. ಹಾಕಲೇಬೇಕು ಅಂದ್ರೆ ನೀರು ತಡೆಯೋ ಮರೈನ್ ಗ್ರೇಡ್ ಅಂಟು ತಗೊಳ್ಳಿ, ಅರ್ಧಕ್ಕರ್ಧ ನೀರು, ಮೂರು ತೆಳು ಕೋಟು, ಅದೂ ಬಗ್ಗದ ಜಾಗಕ್ಕೆ ಮಾತ್ರ.

ಬಣ್ಣಕ್ಕೆ ಮುಂಚೆ ಹೀಟ್ ಸೀಲ್ ಮಾಡಿದ್ದೀರಾ? ಅದನ್ನ ಹೇಳಿಲ್ಲ. ಗನ್ನನ್ನ 10–15 ಸೆಂ.ಮೀ. ದೂರ ಹಿಡಿದು ನಿಲ್ಲಿಸದೆ ಓಡಿಸ್ತಾ ಇರಿ. ಮಂಕಾಗಿದ್ದ ಮೈ ಸ್ವಲ್ಪ ಮಿಂಚೋಕೆ ಶುರುವಾದ ಕ್ಷಣ ಮುಂದಕ್ಕೆ ಹೋಗಿ, ಗುಳ್ಳೆಗಳು ಮುಚ್ಚಿಕೊಂಡಿವೆ ಅಂತ ಅರ್ಥ. ಇದಿಲ್ಲದೆ ಪ್ರೈಮರ್ ಎಷ್ಟು ಹಚ್ಚಿದ್ರೂ ಹೀರ್ತಾನೇ ಇರುತ್ತೆ. ಒಂದೇ ಕಡೆ ನಿಂತರೆ ಸುಟ್ಟು ಕುಗ್ಗುತ್ತೆ, ಆ ಗುಳಿ ಸರಿ ಮಾಡೋಕಾಗಲ್ಲ. ಕಟರಲ್ಲಿ ಅರ್ಧ ಆಳ ಕೊಯ್ದ ಗೆರೆ ಬಿಸಿಗೆ ತಾನಾಗೇ ತೆರೆದು ಅಗಲ ಆಗುತ್ತೆ, ಕವಚದ ಮೇಲಿನ ಅಲಂಕಾರದ ಗೆರೆಗೆ ಅದೇ ಸುಲಭದ ದಾರಿ.

ಜಾಯಿಂಟಿನ ಸಣ್ಣ ಸಂದಿಗೆ ಅಕ್ರಿಲಿಕ್ ಸೀಲೆಂಟ್, ಒದ್ದೆ ಬೆರಳಲ್ಲಿ ಸವರಿ. ಅಂಗಡಿಯವರು ಸಿಲಿಕೋನ್ ಕೊಡ್ತಾರೆ, "ಎರಡೂ ಒಂದೇ" ಅಂತಾರೆ. ಒಂದೇ ಅಲ್ಲ. ಸಿಲಿಕೋನ್ ಮೇಲೆ ಯಾವ ಬಣ್ಣನೂ ನಿಲ್ಲಲ್ಲ. ಟ್ಯೂಬ್ ಮೇಲೆ ಪೇಂಟ್ ಹಚ್ಚಬಹುದು ಅಂತ ಬರೆದಿದೆಯಾ ನೋಡಿ.

ಪ್ರೈಮರಿಗೆ ಪ್ಲಾಸ್ಟಿ ಡಿಪ್ ಚೆನ್ನಾಗಿರುತ್ತೆ, ರಬ್ಬರಿನ ಪದರ, ಬಗ್ಗುತ್ತೆ. ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು-ನಾಲ್ಕು ತೆಳು ಕೋಟು. ಮೇಲೆ ಕಪ್ಪು ಅಕ್ರಿಲಿಕ್, ಅದರ ಮೇಲೆ ಬೆಳ್ಳಿ ಅಕ್ರಿಲಿಕ್ ಸ್ಪಂಜಿನಲ್ಲಿ ತಟ್ಟಿ. ಬಟ್ಟೆಗೆ ಹಾಕೋ ಅಕ್ರಿಲಿಕ್ ಮೀಡಿಯಂ ಸ್ವಲ್ಪ ಬೆರೆಸಿದ್ರೆ ಪದರ ಇನ್ನೂ ಮೆತ್ತಗಿರುತ್ತೆ. ಕೊನೆಗೆ ಕಪ್ಪು-ಕಂದು ಬಣ್ಣಕ್ಕೆ ನೀರು ಹೆಚ್ಚು ಹಾಕಿ ಬಳಿದು, ಒಣಗೋ ಮುಂಚೆ ಬಟ್ಟೇಲಿ ಒರೆಸಿ. ಗೆರೆಗಳಲ್ಲಿ ಉಳಿದ ಕೊಳೆಯೇ ಫೋಮನ್ನ ಕಬ್ಬಿಣ ಮಾಡೋದು. ಹೊಳಪು ಬೆಳ್ಳಿ ಒಂದೇ ಬಳಿದು ನಿಲ್ಲಿಸಿದ್ರೆ ಫೋಟೋದಲ್ಲಿ ಸ್ಟೀಲ್ ಡಬ್ಬಿ.

ಓರೆಗತ್ತಿ

ಪ್ಲಾಸ್ಟಿ ಡಿಪ್ ದುಡ್ಡಿಗೆ ಪೂರ್ತಿ ಸೆಟ್ ಬಳಿಯುವುದು ದಂಡ ಅಂತ ನನ್ನ ಅಭಿಪ್ರಾಯ. ಬಗ್ಗುವ ಭಾಗಕ್ಕೆ ಮಾತ್ರ ಅದನ್ನು ಇಟ್ಟುಕೊಂಡು, ಉಳಿದದ್ದಕ್ಕೆ ತಾರಸಿಗೆ ಬಳಿಯುವ ಎಲಾಸ್ಟೋಮೆರಿಕ್ ವಾಟರ್‌ಪ್ರೂಫ್ ಕೋಟಿಂಗಿಗೆ ಸ್ವಲ್ಪ ನೀರು ಬೆರೆಸಿ ಹಚ್ಚಬಹುದು. ಅದೂ ಅಕ್ರಿಲಿಕ್ಕೇ, ಹಿಗ್ಗಲೆಂದೇ ಮಾಡಿದ್ದು.

ಬೆಳ್ಳಿಮುಲಾಮು

ಹಚ್ಚಬಹುದು, ಆದ್ರೆ ಬ್ರಶ್ಶಿನ ಗೀರು ಉಳಿಯುತ್ತೆ, ಉಜ್ಜೋಕೆ ಹೋದ್ರೆ ರಬ್ಬರ್ ಥರ ಉಂಡೆಗಟ್ಟುತ್ತೆ. ಏಟು ತಿಂದ ಹಳೇ ಕವಚಕ್ಕೆ ಓಕೆ. ನುಣುಪು ಬೇಕಂದ್ರೆ ಬೇಡ. ಮತ್ತೆ ಬಗ್ಗೋ ಭಾಗಕ್ಕೆ ಯಾವ ಪ್ರೈಮರ್ ಅನ್ನೋ ಪ್ರಶ್ನೆಗಿಂತ, ಬಗ್ಗೋ ಜಾಗದಲ್ಲಿ ಫೋಮ್ ಯಾಕಿದೆ ಅಂತ ಕೇಳಬೇಕು. ಅಲ್ಲಿ ಕತ್ತರಿಸಿ, ಎರಡು ತುಂಡು ಮಾಡಿ, ಒಳಗಿಂದ ಎಲಾಸ್ಟಿಕ್ ಹಾಕಿ. ಆಗ ಬಣ್ಣ ಬಗ್ಗೋ ಮಾತೇ ಬರಲ್ಲ.

ಕಡಲಕರೆ

ಉಡುಪಿ ಕಡೆಯಿಂದ. ಮಳೆಗಾಲದಲ್ಲಿ ಕೆಲಸ ಮಾಡುವವರಿಗೆ ಇದು ಬೇಕಾಗುತ್ತದೆ: ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಗಮ್ಮಿನ ದ್ರಾವಕ ಬೇಗ ಆರುತ್ತಾ ಮೈಯನ್ನು ತಣ್ಣಗೆ ಮಾಡುತ್ತದೆ, ಆ ತಣ್ಣನೆಯ ಮೇಲೆ ನೀರಿನ ಪಸೆ ಕೂರುತ್ತದೆ. ಒಣಗಿದ ಹಾಗೆ ಕಾಣುತ್ತದೆ, ಒತ್ತಿದರೆ ಹಿಡಿಯುವುದಿಲ್ಲ. ಲ್ಯಾಕರ್ ಸ್ಪ್ರೇ ಹಾಲಿನ ಹಾಗೆ ಬೆಳ್ಳಗಾಗುವುದಕ್ಕೂ ಇದೇ ಕಾರಣ. ಮಳೆ ಬಿಟ್ಟ ಮಧ್ಯಾಹ್ನ ಮಾಡಿ, ಇಲ್ಲವೇ ಎಸಿ ಇರುವ ಕೋಣೆಯಲ್ಲಿ ಒಣಗಿಸಿ. ಎಸಿ ಇದೆಯೆಂದು ಕಿಟಕಿ ಮುಚ್ಚಿ ಗಮ್ ಹಚ್ಚಬೇಡಿ ಮಾರಾಯ್ರೆ, ಹಚ್ಚುವುದು ಹೊರಗೆ, ಒಣಗಿಸುವುದು ಒಳಗೆ.

ಭುಜದ ವಿಷಯಕ್ಕೆ ಬರುತ್ತೇನೆ. ಯಕ್ಷಗಾನದ ಭುಜಕೀರ್ತಿ ನೋಡಿದ್ದೀರಲ್ಲ, ಹಗುರ ಮರದ ಮೇಲೆ ಬೇಗಡೆ ಹಚ್ಚಿದ್ದು. ವೇಷ ಎಷ್ಟು ಕುಣಿದರೂ ಅದು ಕೆಳಗೆ ಬರುವುದಿಲ್ಲ, ಯಾಕೆಂದರೆ ಅದನ್ನು ಬಿಗಿದು ಕಟ್ಟಿರುತ್ತಾರೆ. ನಿಮ್ಮದರಲ್ಲಿ ಅಂಟು-ವೆಲ್ಕ್ರೋ ಭಾರ ಹೊರುತ್ತಿದೆ. ಬೆವರು, ಬಿಸಿಗೆ ಅದರ ಹಿಂದಿನ ಗಮ್ಮೇ ಜಾರುತ್ತದೆ.

ಭುಜಕವಚವನ್ನು ತೋಳಿಗೆ ಕಟ್ಟಬೇಡಿ, ಎದೆಕವಚದ ಭುಜಪಟ್ಟಿಗೆ ತೂಗುಹಾಕಿ. ಬ್ಯಾಗಿಗೆ ಹಾಕುವ 25 ಮಿ.ಮೀ. ನೈಲಾನ್ ಪಟ್ಟಿ, ಅದೇ ಅಳತೆಯ ಸೈಡ್ ರಿಲೀಸ್ ಬಕಲ್ ತೆಗೆದುಕೊಳ್ಳಿ. ಭುಜಕವಚದ ಮೇಲ್ತುದಿಯಿಂದ ಕುತ್ತಿಗೆಯ ಕಡೆಗೆ ಒಂದು ಪಟ್ಟಿ, ತೋಳಿನ ಸುತ್ತ 3–4 ಸೆಂ.ಮೀ. ಅಗಲದ ಎಲಾಸ್ಟಿಕ್. ಪಟ್ಟಿ ಭಾರ ಹೊರುವುದಕ್ಕೆ, ಎಲಾಸ್ಟಿಕ್ ಅಲ್ಲಾಡದಿರುವುದಕ್ಕೆ. ತೊಡೆಯದ್ದೂ ಹಾಗೆಯೇ, ಸೊಂಟದ ಬೆಲ್ಟಿನಿಂದ ಇಳಿಬಿಡಬೇಕು. ತೊಡೆ ಮೇಲೆ ಅಗಲ, ಕೆಳಗೆ ಕಿರಿದು. ಎಷ್ಟು ಬಿಗಿದರೂ ನಡೆಯುವಾಗ ಜಾರಿಯೇ ಜಾರುತ್ತದೆ.

ಪಟ್ಟಿಯನ್ನು ಫೋಮಿಗೆ ಹಿಡಿಸುವಲ್ಲಿ ಹೆಚ್ಚಿನವರು ಎಡವುತ್ತಾರೆ. ಕಾಂಟ್ಯಾಕ್ಟ್ ಅಂಟು ಉದ್ದಕ್ಕೆ ಎಳೆದರೆ ಬಲ, ತುದಿಯಿಂದ ಸುಲಿದರೆ ದುರ್ಬಲ. ಫೋಮಿನಲ್ಲಿ ಪಟ್ಟಿಯ ಅಗಲದ ಸೀಳು ಕೊಯ್ದು, ಪಟ್ಟಿಯನ್ನು ಒಳಗೆ ತಂದು, 6 ಸೆಂ.ಮೀ. ಮಡಿಸಿ ಅಂಟಿಸಿ, ಅದರ ಮೇಲೆ 8×8 ಸೆಂ.ಮೀ. ತೇಪೆಯನ್ನು 2 ಮಿ.ಮೀ. ಫೋಮಿನಲ್ಲೋ ಕ್ಯಾನ್ವಾಸಿನಲ್ಲೋ ಹಾಕಿ. ಅಂಟಿಸುವ ಜಾಗದ ನುಣುಪು ಮೈಯನ್ನು ಮೊದಲು 180 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ನೈಲಾನ್ ಪಟ್ಟಿಯ ಕತ್ತರಿಸಿದ ತುದಿಯನ್ನು ಲೈಟರಿನಲ್ಲಿ ಕರಗಿಸದಿದ್ದರೆ ಬಿಚ್ಚುತ್ತಾ ಹೋಗುತ್ತದೆ. ವೆಲ್ಕ್ರೋ ಬೇಕಾದರೆ ಅಂಟಿಲ್ಲದ್ದನ್ನು ತಂದು ಪಟ್ಟಿಗೆ ಹೊಲಿಸಿ.

ಫೋಮ್‌ಪುರಾಣ

ಭುಜಕೀರ್ತಿ ನೆನಪೇ ಬಂದಿರಲಿಲ್ಲ. ಕ್ರಮ ಅರ್ಥ ಆಯ್ತು, ಸ್ಯಾಂಪಲ್ ಮತ್ತೆ ಮಾಡ್ತೀನಿ. ಕತ್ತಿ ಬಗ್ಗೆ ಯಾರೂ ಹೇಳಲಿಲ್ಲ. ಹಗುರ ಆಗಲಿ ಅಂತ ಒಳಗೆ ಥರ್ಮೋಕೋಲ್ ಹಾಕಿ, ಮೇಲೆ 5 ಮಿ.ಮೀ. ಫೋಮ್ ಅಂಟಿಸಿದ್ರೆ? ಹೆಲ್ಮೆಟ್ ಒಳಗೆ ಸಣ್ಣ ಫ್ಯಾನ್, ಕಣ್ಣಿಗೆ ಎಲ್ಇಡಿ ಹಾಕೋ ಯೋಚನೆನೂ ಇದೆ.

ಓರೆಗತ್ತಿ

ಥರ್ಮೋಕೋಲಿಗೆ ರಬ್ಬರ್ ಗಮ್ ತಾಗಿದರೆ ಕರಗಿ ಗುಂಡಿ ಬೀಳುತ್ತದೆ, ಸ್ಪ್ರೇ ಪೇಂಟಿಗೂ ಹಾಗೆಯೇ. ಬೇಡ.

ಕರೆಂಟ್ ವೈರಿಂಗಿಗೆ ಹಾಕುವ 25 ಮಿ.ಮೀ. ಪಿವಿಸಿ ಪೈಪನ್ನು ಬೆನ್ನೆಲುಬು ಮಾಡಿ. ಹಿಡಿಯ ತುದಿಯಿಂದ ಶುರುವಾಗಿ ಅಲಗಿನ ಮೊನೆಗೆ 20 ಸೆಂ.ಮೀ. ಇರುವಾಗ ನಿಲ್ಲಬೇಕು, ಮೊನೆ ಬರೀ ಫೋಮ್ ಆಗಿದ್ದರೆ ಜನಸಂದಣಿಯಲ್ಲಿ ಯಾರಿಗೆ ತಾಗಿದರೂ ನೋವಾಗುವುದಿಲ್ಲ. ಪೈಪಿನ ಬಾಯಿಗೆ ಫೋಮಿನ ಬಿರಡೆ ಹಾಕಿ, ಇಲ್ಲವಾದರೆ ಅದೇ ಮೊನೆಯನ್ನು ಸೀಳಿಕೊಂಡು ಹೊರಬರುತ್ತದೆ. ಪೈಪಿನ ಎರಡೂ ಪಕ್ಕಕ್ಕೆ 10+10+5 ಮಿ.ಮೀ. ಪದರ ಸೇರಿಸಿದರೆ 25 ಸಮ ಆಗುತ್ತದೆ. ಅಂಚಿನ ಕಡೆಗೆ ಹೋದಂತೆ ಒಂದೊಂದೇ ಪದರ ಕಮ್ಮಿ ಮಾಡಿ, ಅಂಚಿನಲ್ಲಿ 10 ಮಾತ್ರ ಉಳಿಯಲಿ. ಆಮೇಲೆ ಎರಡೂ ಮುಖಕ್ಕೆ 5 ಮಿ.ಮೀ. ಹೊದಿಕೆ. ನಡುವೆ ಒಟ್ಟು 35 ಮಿ.ಮೀ. ದಪ್ಪ ಬರುತ್ತದೆ, ಅಗಲ ಕತ್ತಿಗೆ ಅದು ಒಪ್ಪುತ್ತದೆ. ಪೈಪಿನ ಮೈ ನುಣುಪು, ಸ್ಯಾಂಡ್‌ಪೇಪರ್ ಹಿಡಿಯದೆ ಗಮ್ ಹಚ್ಚಿದರೆ ಕತ್ತಿ ಪೈಪಿನ ಸುತ್ತ ಗಿರಗಿರ ತಿರುಗುತ್ತದೆ.

150 ಸೆಂ.ಮೀ. ಆಟೋದಲ್ಲಿ ಹಿಡಿಯುವುದಿಲ್ಲ. ಮಧ್ಯೆ ಎರಡು ತುಂಡು ಮಾಡಿ, ಒಳಗೆ 40 ಸೆಂ.ಮೀ. ಉದ್ದದ 20 ಮಿ.ಮೀ. ಪೈಪು ಕೊಡಿ. ಅರ್ಧ ಒಂದು ಕಡೆ ಅಂಟಿರಲಿ, ಅರ್ಧ ಇನ್ನೊಂದು ಕಡೆಗೆ ಹೋಗಲಿ. ಕೊಳ್ಳುವಾಗ ಎರಡನ್ನೂ ಅಂಗಡಿಯಲ್ಲೇ ತೂರಿಸಿ ನೋಡಿ: ಹೆವಿ ಪೈಪಿನ ಗೋಡೆ ದಪ್ಪ, 20 ಅದರೊಳಗೆ ಹೋಗುವುದಿಲ್ಲ, ತೆಳು ಪೈಪಿನಲ್ಲಿ ಲೊಡಲೊಡ ಎಂದರೆ ಟೇಪ್ ಸುತ್ತಿ. ಅಡ್ಡಕ್ಕೆ 5 ಮಿ.ಮೀ. ತೂತು ಕೊರೆದು ನೈಲಾನ್ ಬೋಲ್ಟ್ ಹಾಕಿದರೆ ತಿರುಗುವುದೂ ಇಲ್ಲ, ಲೋಹವೂ ಇಲ್ಲ. ಆಯಾ ವರ್ಷದ ಪ್ರಾಪ್ (ವೇಷದ ಜೊತೆ ಹಿಡಿಯುವ ನಕಲಿ ಆಯುಧ, ವಸ್ತು) ನಿಯಮವನ್ನು ಕಾನ್‌ನವರ ವೆಬ್‌ಸೈಟಿನಲ್ಲೇ ಓದಿಕೊಳ್ಳಿ, ಹೋದ ವರ್ಷ ಬಿಟ್ಟಿದ್ದರು ಅನ್ನುವುದು ಗೇಟಿನಲ್ಲಿ ನಡೆಯುವುದಿಲ್ಲ.

ಐದುವೋಲ್ಟ್

ಹೆಲ್ಮೆಟ್ಟಿಗೆ ಬೇಕಾದದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಲ್ಲೇ ಸಿಗುತ್ತೆ. 5 ವೋಲ್ಟಿನ 40 ಮಿ.ಮೀ. ಫ್ಯಾನ್ ಎರಡು ತಗೊಳ್ಳಿ. ಒಂದು ಗಲ್ಲದ ಹತ್ತಿರ ಗಾಳಿ ಒಳಗೆ ತರೋಕೆ, ಇನ್ನೊಂದು ನೆತ್ತಿ ಹಿಂದೆ ಹೊರಗೆ ಹಾಕೋಕೆ. ಎರಡೂ ಒಳಮುಖ ಇಟ್ರೆ ಗಾಳಿಗೆ ದಾರಿ ಇರಲ್ಲ, ಕನ್ನಡಕ ಮಂಜಾಗುತ್ತೆ.

ಬಿಳಿ ಎಲ್ಇಡಿ ಸುಮಾರು 3.2 ವೋಲ್ಟ್ ತಗೊಳ್ಳುತ್ತೆ, 5 ವೋಲ್ಟಿಗೆ 100 ಓಮ್ ರೆಸಿಸ್ಟರ್ ಹಾಕಿದ್ರೆ 18 ಮಿಲಿಆಂಪ್. ಕೆಂಪಾದ್ರೆ 2 ವೋಲ್ಟ್, 150 ಓಮ್. ಒಂದೊಂದಕ್ಕೂ ಬೇರೆ ರೆಸಿಸ್ಟರ್ ಇರಲಿ.

ಪವರ್ ಬ್ಯಾಂಕಿಗೆ ಒಂದು ಚಾಳಿ ಇದೆ. ಎಲ್ಇಡಿ ಎರಡು ಮಾತ್ರ ಹಾಕಿದ್ರೆ ಕರೆಂಟ್ ತೀರಾ ಕಮ್ಮಿ, ಫೋನ್ ಚಾರ್ಜ್ ಆಯ್ತು ಅಂದ್ಕೊಂಡು ತಾನೇ ಆಫ್ ಆಗಿಬಿಡುತ್ತೆ. ಫ್ಯಾನನ್ನೂ ಅದೇ ಲೈನಿಗೆ ಕೊಟ್ರೆ ಹೆಚ್ಚಾಗಿ ಓಡುತ್ತೆ. ಇಲ್ಲಾಂದ್ರೆ ಎಲ್ಇಡಿಗೆ ಮಾತ್ರ ಎಎ ಸೆಲ್ ಮೂರರ ಹೋಲ್ಡರ್ ಸಾಕು. ಪವರ್ ಬ್ಯಾಂಕ್ ಸೊಂಟದ ಚೀಲದಲ್ಲಿರಲಿ, ತಲೆಗೆ ಭಾರ ಬೇಡ.

ಮುಖ ಮುಚ್ಚೋ ಹೆಲ್ಮೆಟ್ ಕುತ್ತಿಗೆ ಕಿರಿದಾಗಿರುತ್ತೆ, ಇಡಿಯಾಗಿ ಮಾಡಿದ್ರೆ ತಲೆ ತೂರಲ್ಲ. ಮುಂದೆ-ಹಿಂದೆ ಎರಡು ಭಾಗ ಮಾಡಿ, 10×3 ಮಿ.ಮೀ. ನಿಯೋಡಿಮಿಯಂ ಮ್ಯಾಗ್ನೆಟ್ ಆರು ಜೊತೆ. ಅಂಟಿಸೋ ಮುಂಚೆ ಮಾರ್ಕರಲ್ಲಿ ಮುಖ ಗುರುತು ಹಾಕಿ, ಒಂದು ತಿರುಗಿ ಕೂತರೂ ದೂಡುತ್ತೆ. ಫೋಮಲ್ಲಿ ಗುಳಿ ಕೊರೆದು ಕೂರಿಸಿ, ಮೇಲೆ 2 ಮಿ.ಮೀ. ತುಂಡು ಮುಚ್ಚಿ. ಬರೀ ಸೂಪರ್‌ಗ್ಲೂ ನಂಬಿದ್ರೆ ಎಳೆದಾಗ ಮ್ಯಾಗ್ನೆಟ್ ಎದುರಿನ ಮ್ಯಾಗ್ನೆಟ್ಟಿಗೇ ಅಂಟ್ಕೊಂಡು ಹೊರಟೋಗುತ್ತೆ. ಒಳ ಅಳತೆ 63 ಸೆಂ.ಮೀ. ಇಟ್ರೆ ಸುತ್ತ 1 ಸೆಂ.ಮೀ. ಸ್ಪಂಜಿಗೆ ಜಾಗ ಆಗುತ್ತೆ.

ಕಡಲಕರೆ

ಸಾಗಿಸುವುದರ ಬಗ್ಗೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕವಚ ಬಿಟ್ಟು ಹೋಗಬೇಡಿ. ಗಮ್ ಮೆತ್ತಗಾಗಿ, ಎಳೆತ ಇರುವ ಜಾಯಿಂಟು ಮೊದಲು ತೆರೆಯುತ್ತದೆ. ಯಾರಾದರೂ ಪಿಎಲ್ಎ ಪ್ಲಾಸ್ಟಿಕ್ಕಿನ ಥ್ರೀಡಿ ಪ್ರಿಂಟ್ ಮಾಡಿದ ಬಕಲ್, ಕೊಂಬು ಸೇರಿಸಿದ್ದರೆ ಇನ್ನೂ ಕಷ್ಟ, ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಭಾಗಗಳ ನಡುವೆ ಹಳೆಯ ಹತ್ತಿ ಸೀರೆ, ಪಂಚೆ ಇಡಿ. ಹೊಸ ಬಣ್ಣಕ್ಕೆ ಪ್ಲಾಸ್ಟಿಕ್ ಕವರ್ ಅಂಟಿಕೊಂಡು ಪದರವನ್ನೇ ಎತ್ತುತ್ತದೆ.

ಜೊತೆಗೊಂದು ರಿಪೇರಿ ಚೀಲ: ಸೂಪರ್‌ಗ್ಲೂ, ಪಿನ್ನು, ಬಟ್ಟೆ ಟೇಪು, ಒಂದು ಹೆಚ್ಚುವರಿ ಬಕಲ್, ಚಿಕ್ಕ ಬಾಟಲಿಯಲ್ಲಿ ಬೆಳ್ಳಿ ಮತ್ತು ಕಪ್ಪು ಬಣ್ಣ. ಸಣ್ಣ ಅಲಂಕಾರದ ತುಂಡು ಬಿದ್ದರೆ ಸೂಪರ್‌ಗ್ಲೂ ಸರಿ, ಉದ್ದ ಜಾಯಿಂಟಿಗೆ ಹಾಕಬೇಡಿ, ಗಡುಸಾಗಿ ಮುಂದಿನ ಬಾಗಿಗೆ ಟಕ್ಕೆಂದು ಬಿಡುತ್ತದೆ. ಟ್ಯೂಬ್ ಎರಡು ಇರಲಿ, ಒಮ್ಮೆ ತೆರೆದದ್ದು ಮರುದಿನಕ್ಕೆ ಮೂತಿಯಲ್ಲೇ ಕಟ್ಟಿಕೊಂಡಿರುತ್ತದೆ.